ಗಾಡಿ ಎಷ್ಟು ಕೊಡುತ್ತೆ?

ನಮ್ಮ ಕಡೆ ಹೊಸ ಗಾಡಿ ತಂದವರನ್ನು ಮೊದಲು ಕೇಳುವ ಮಾತು ಇದೇ. ಬಣ್ಣ, ಬೆಲೆ ಎಲ್ಲ ಆಮೇಲೆ. ಮೈಲೇಜ್ ಬಗ್ಗೆ, ಅಂದರೆ ಲೀಟರಿಗೆ ಎಷ್ಟು ಕಿ.ಮೀ. ಓಡುತ್ತದೆ ಎಂಬ ಬಗ್ಗೆ, ಪ್ರಶ್ನೆ ಕಳಿಸಿ ಎಂದು ಹೋದ ಸಂಚಿಕೆಯಲ್ಲಿ ಕೇಳಿದ್ದಕ್ಕೆ ಮೈಸೂರು, ಮಂಡ್ಯ ಎರಡೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಉತ್ತರ ಬರೆಯುತ್ತಿರುವ ನಾನು ಮೆಕ್ಯಾನಿಕ್ ಅಲ್ಲ. ಮಂಡ್ಯದ ಸರ್ಕಾರಿ ಕಚೇರಿಯೊಂದರಲ್ಲಿ 27 ವರ್ಷ ಜೀಪುಗಳ ಲಾಗ್ ಬುಕ್ ನೋಡಿಕೊಂಡವನು. ಯಾವ ಗಾಡಿ ಎಷ್ಟು ಓಡಿತು, ಎಷ್ಟು ಡೀಸೆಲ್ ಕುಡಿಯಿತು ಎಂದು ತಿಂಗಳ ಕೊನೆಗೆ ಕೂಡಿ, ಭಾಗಿಸಿ, ಸಹಿ ಹಾಕಿ ಮೇಲಕ್ಕೆ ಕಳಿಸುವುದು ನನ್ನ ಕೆಲಸವಾಗಿತ್ತು. ನಿವೃತ್ತನಾಗಿ ಮೈಸೂರಿನ ಕುವೆಂಪುನಗರಕ್ಕೆ ಬಂದ ಮೇಲೂ ಆ ಅಭ್ಯಾಸ ಬಿಟ್ಟಿಲ್ಲ. ನನ್ನ ಚಿಕ್ಕ ಪೆಟ್ರೋಲ್ ಕಾರಿನಲ್ಲಿ 11 ವರ್ಷದ ಲೆಕ್ಕದ ಪುಸ್ತಕವಿದೆ. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಆ ಪುಸ್ತಕದ್ದೇ.

ಪ್ರಶ್ನೆ: ಎಂಟು ತಿಂಗಳ ಹಿಂದೆ ಕಾರು ತಗೊಂಡೆ. ಶೋರೂಮಿನಲ್ಲಿ 22 ಕೊಡುತ್ತೆ ಅಂದಿದ್ದರು. ನನಗೆ 15 ದಾಟುತ್ತಿಲ್ಲ. ಗಾಡಿಯ ಡಿಸ್‌ಪ್ಲೇ ಮಾತ್ರ 16.4 ತೋರಿಸುತ್ತೆ. ಬಂಕಿಗೆ ಹೋದಾಗಲೆಲ್ಲ 500 ರೂಪಾಯಿಗೆ ಹಾಕಿಸುತ್ತೇನೆ. ಸರ್ವಿಸ್‌ನವರನ್ನು ಕೇಳಿದರೆ ನನ್ನ ಡ್ರೈವಿಂಗ್ ಸರಿಯಿಲ್ಲ ಅಂತಾರೆ. ನಾನು ಮೋಸ ಹೋದೆನಾ ಸರ್?
— ರಾಮಕೃಷ್ಣನಗರ, ಮೈಸೂರು

ಉತ್ತರ: ಮೋಸ ಎನ್ನುವ ಮೊದಲು ಆ 22 ಎಲ್ಲಿ ಹುಟ್ಟಿತು ಎಂದು ನೋಡಿ. ಎ.ಆರ್.ಎ.ಐ. (ಗಾಡಿಗಳನ್ನು ಪರೀಕ್ಷಿಸುವ ಸಂಸ್ಥೆ) ಮೈಲೇಜ್ ಎಂದು ಹೇಳುತ್ತಾರಲ್ಲ, ಅದು ರಸ್ತೆಯಲ್ಲಿ ಅಳೆದದ್ದಲ್ಲ. ಗಾಡಿಯ ಚಕ್ರಗಳನ್ನು ರೋಲರ್ ಮೇಲೆ ನಿಲ್ಲಿಸಿ, ಕೋಣೆಯೊಳಗೆ, ಗೊತ್ತುಪಡಿಸಿದ ಒಂದೇ ಕ್ರಮದಲ್ಲಿ ಓಡಿಸಿ ಅಳೆಯುತ್ತಾರೆ. ಕಾರುಗಳಿಗೆ ಇಷ್ಟು ವರ್ಷ ಬಳಸಿದ ಭಾರತೀಯ ಕ್ರಮದ ಓಟ 1,180 ಸೆಕೆಂಡಿನದು, ಅಂದರೆ 20 ನಿಮಿಷಕ್ಕೂ ಸ್ವಲ್ಪ ಕಡಿಮೆ. ಅಷ್ಟರಲ್ಲಿ ಓಡುವುದು 11 ಕಿ.ಮೀ. ಒಳಗೆ, ಅತಿ ಹೆಚ್ಚಿನ ವೇಗ 90. ಏಸಿ ಹಾಕುವುದಿಲ್ಲ. ಎದುರುಗಾಳಿ ಇಲ್ಲ, ಹಂಪ್ ಇಲ್ಲ, ಅಗ್ರಹಾರದ ಸರ್ಕಲ್ಲಿನಲ್ಲಿ ಅಡ್ಡ ಬರುವ ಸಿಟಿ ಬಸ್ಸಿಲ್ಲ. ಬೇರೆ ಬೇರೆ ಗಾಡಿಗಳನ್ನು ಒಂದೇ ತಕ್ಕಡಿಗೆ ಹಾಕಿ ತೂಗಲು ಆ ಅಂಕಿ ಬೇಕು. ನಿಮ್ಮ ಗಾಡಿ ನಿಮ್ಮ ರಸ್ತೆಯಲ್ಲಿ ಎಷ್ಟು ಕೊಡಬೇಕು ಎಂಬುದನ್ನು ಅದು ಹೇಳುವುದಿಲ್ಲ. ಶೋರೂಮಿನವರು ಅದನ್ನು ಮಾತು ಕೊಟ್ಟ ಹಾಗೆ ಹೇಳಿದ್ದರೆ ಅದು ತಪ್ಪು, ಆದರೆ ಗಾಡಿ ಕೆಟ್ಟಿದೆ ಎಂದಲ್ಲ.

ಈಗ ನಿಮ್ಮ 15ಕ್ಕೆ ಬರೋಣ. ಬೇಜಾರು ಮಾಡಿಕೊಳ್ಳಬೇಡಿ, ಅದೂ ಇನ್ನೂ ಲೆಕ್ಕವಲ್ಲ. 500 ರೂಪಾಯಿಗೆ ಈಗಿನ ದರದಲ್ಲಿ 5 ಲೀಟರೂ ಬರುವುದಿಲ್ಲ. ಹಾಕಿಸುವ ಮುಂಚೆ ಟ್ಯಾಂಕಿನಲ್ಲಿ ಎಷ್ಟಿತ್ತು, ಮುಂದಿನ ಸಲ ಹಾಕಿಸುವಾಗ ಎಷ್ಟು ಉಳಿದಿತ್ತು ಎಂಬುದು ಮುಳ್ಳು ನೋಡಿ ತಿಳಿಯುವ ವಿಷಯವಲ್ಲ. ಟ್ಯಾಂಕಿನೊಳಗೆ ನಮಗೆ ನಿಶ್ಚಯವಾಗಿ ಗೊತ್ತಾಗುವ ಮಟ್ಟ ಒಂದೇ, ತುಂಬಿದ ಮಟ್ಟ.

ಆದ್ದರಿಂದ ಒಂದು ದಿನ ಮನಸ್ಸು ಗಟ್ಟಿ ಮಾಡಿ ಫುಲ್ ಟ್ಯಾಂಕ್ ಮಾಡಿಸಿ. ನಾಜಲ್ ತಾನೇ ಟಕ್ ಎಂದು ನಿಲ್ಲುತ್ತದೆ, ಅಲ್ಲಿಗೆ ಸಾಕು ಎನ್ನಿ. ಬಂಕಿನ ಹುಡುಗ ‘ರೌಂಡ್ ಮಾಡ್ಲಾ ಸರ್?’ ಎಂದು ಕೇಳಿಯೇ ಕೇಳುತ್ತಾನೆ. ಅವನಿಗೆ ಚಿಲ್ಲರೆಯ ಚಿಂತೆ, ನಮಗೆ ಮಟ್ಟದ ಚಿಂತೆ. ಬೇಡ ಎನ್ನಿ. ಟಕ್ ಎಂದ ಮೇಲೂ ಒತ್ತಿ ಒತ್ತಿ ತುಂಬಿಸಿದರೆ ಲೆಕ್ಕ ಕೆಡುವುದಷ್ಟೇ ಅಲ್ಲ, ಪೆಟ್ರೋಲಿನ ಆವಿ ಹಿಡಿಯಲು ಇಟ್ಟಿರುವ ಇದ್ದಿಲಿನ ಡಬ್ಬಿಗೆ ಪೆಟ್ರೋಲೇ ನುಗ್ಗಿ ಅದು ಹಾಳಾಗುತ್ತದೆ. ಗಾಡಿಯಲ್ಲಿ ಕೂತೇ ಒಟ್ಟು ಕಿ.ಮೀ. ಬರೆದುಕೊಳ್ಳಿ. ಮುಂದಿನ ಫುಲ್ ಟ್ಯಾಂಕ್ ಆದಷ್ಟೂ ಅದೇ ಬಂಕಿನಲ್ಲಿ, ಅದೇ ಪಂಪಿನಲ್ಲಿ, ಗಾಡಿ ಅದೇ ದಿಕ್ಕಿಗೆ ನಿಂತಿರುವಾಗ ಆಗಲಿ. ಬಂಕಿನ ನೆಲ ಒಂದು ಕಡೆ ವಾಲಿದ್ದರೂ ಟಕ್ ಎನ್ನುವ ಜಾಗ ಬದಲಾಗುತ್ತದೆ. ಎರಡು ಫುಲ್ ಟ್ಯಾಂಕ್ ನಡುವೆ ಓಡಿದ ಕಿ.ಮೀ.ಯನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ನಡುವೆ ಕೈಯಲ್ಲಿ ಹಣವಿಲ್ಲದೆ 500ಕ್ಕೆ ಹಾಕಿಸಿದ್ದರೂ ಚಿಂತೆಯಿಲ್ಲ, ಆ ಲೀಟರನ್ನೂ ಬರೆದಿಟ್ಟು ಒಟ್ಟಿಗೆ ಸೇರಿಸಿದರಾಯಿತು.

ಇಷ್ಟು ಮಾಡಿದರೂ ಒಂದೇ ಟ್ಯಾಂಕಿನ ಲೆಕ್ಕವನ್ನು ಪೂರಾ ನಂಬಬೇಡಿ. ನಾಜಲ್ ನಿಲ್ಲುವುದರಲ್ಲಿ ಅರ್ಧ ಲೀಟರ್ ಆಚೀಚೆ ಆಗುವುದು ಸಾಮಾನ್ಯ. ನಿಜವಾಗಿ 15 ಕೊಡುವ ಗಾಡಿ 150 ಕಿ.ಮೀ. ಓಡಿದ ಮೇಲೆ ತುಂಬಿಸಿದಿರಿ ಎನ್ನಿ. 10 ಲೀಟರ್ ಹಿಡಿಯಬೇಕಿದ್ದ ಕಡೆ 9.5 ಹಿಡಿದರೆ 15.8 ಅನಿಸುತ್ತದೆ, 10.5 ಹಿಡಿದರೆ 14.3 ಅನಿಸುತ್ತದೆ. ಗಾಡಿ ಅದೇ, ರಸ್ತೆ ಅದೇ, ಮನೆಯಲ್ಲಿ ಮಾತ್ರ ಒಂದು ವಾರ ಖುಷಿ, ಮರುವಾರ ಸಿಡಿಮಿಡಿ. ಅದೇ 450 ಕಿ.ಮೀ. ಓಡಿ 30 ಲೀಟರ್ ತುಂಬಿಸಿದರೆ ಇದೇ ಅರ್ಧ ಲೀಟರಿನ ತಪ್ಪು ಕಾಲು ಕಿ.ಮೀ.ಗೆ ಇಳಿಯುತ್ತದೆ. ಹತ್ತು ಟ್ಯಾಂಕುಗಳನ್ನು ಒಟ್ಟಿಗೆ ಕೂಡಿದರಂತೂ ನಡುವಿನ ತಪ್ಪುಗಳೆಲ್ಲ ತಮ್ಮತಮ್ಮಲ್ಲೇ ಕಳೆದುಹೋಗುತ್ತವೆ. ಇವತ್ತು ಕಡಿಮೆ ಹಿಡಿದದ್ದು ನಾಳೆ ಹೆಚ್ಚು ಹಿಡಿಯುತ್ತದೆ. ಉಳಿಯುವುದು ಮೊದಲ ಸಲದ್ದು, ಕೊನೆಯ ಸಲದ್ದು, ಎರಡೇ ತಪ್ಪು. ಲಾಗ್ ಬುಕ್ಕಿನಲ್ಲಿ ನಾನು ಕಲಿತ ಅತಿ ದೊಡ್ಡ ವಿದ್ಯೆ ಇದು. ತಿಂಗಳ ಲೆಕ್ಕ ಚಂಚಲ, ವರ್ಷದ ಲೆಕ್ಕ ಗಟ್ಟಿ.

ಡಿಸ್‌ಪ್ಲೇ ತೋರಿಸುವ 16.4 ಸುಳ್ಳಲ್ಲ, ಅಂದಾಜು. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಸಿಡಿಸಿದೆ ಎಂದು ಗಾಡಿಯ ಕಂಪ್ಯೂಟರ್ ತಾನೇ ಎಣಿಸಿ ಹೇಳುತ್ತದೆ. ನನ್ನ ಕಾರಿನದು ಯಾವಾಗಲೂ ಬಂಕಿನ ಲೆಕ್ಕಕ್ಕಿಂತ ನೂರಕ್ಕೆ 5ರಷ್ಟು ಜಾಸ್ತಿ ಹೇಳುತ್ತದೆ, 11 ವರ್ಷದಿಂದ ಅಷ್ಟೇ. ನಿಮ್ಮದರ ಹೆಚ್ಚುವರಿ ಎಷ್ಟು ಎಂದು ನಾಲ್ಕೈದು ಟ್ಯಾಂಕಿನಲ್ಲಿ ಕಂಡುಕೊಂಡರೆ ಆಮೇಲೆ ಅದೂ ಉಪಯೋಗಕ್ಕೆ ಬರುತ್ತದೆ.

ಮೈಸೂರಿನೊಳಗೇ ಓಡಾಡುವ ಗಾಡಿ, ಏಸಿ ಸದಾ ಚಾಲೂ ಎಂದಾದರೆ, ಲೆಕ್ಕ ಸರಿಯಾಗಿ ಹಾಕಿದ ಮೇಲೂ 14–15 ಬಂದರೆ ನನಗೆ ಆಶ್ಚರ್ಯವಿಲ್ಲ. ನಿಂತ ಜಾಗದಲ್ಲಿ ಎಂಜಿನ್ ಓಡುತ್ತಿದ್ದರೆ ಸಣ್ಣ ಕಾರೂ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ, ಏಸಿ ಹಾಕಿದ್ದರೆ ಇನ್ನೂ ಹೆಚ್ಚು. ಆಗ ಕಿ.ಮೀ. ಮಾತ್ರ ಸೊನ್ನೆ. ದಸರಾ ದೀಪಾಲಂಕಾರ ನೋಡಲು ಹೋಗಿ ಸಯ್ಯಾಜಿರಾವ್ ರಸ್ತೆಯ ಸುತ್ತಮುತ್ತ ಸಿಕ್ಕಿಹಾಕಿಕೊಂಡ ವಾರದ ಪುಟಗಳನ್ನು ನನ್ನ ಪುಸ್ತಕದಲ್ಲಿ ತಾರೀಕು ನೋಡದೆಯೇ ಗುರುತಿಸಬಹುದು.

ಪ್ರಶ್ನೆ: ಮಂಡ್ಯದಿಂದ ಮೈಸೂರಿಗೆ ದಿನಾ ಕಾರಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತೇನೆ. ಹೆದ್ದಾರಿ ಇಷ್ಟು ಚೆನ್ನಾಗಿದೆ, ಸಿಗ್ನಲ್ ಇಲ್ಲ, ಟಾಪ್ ಗೇರಿನಲ್ಲಿ 100ರಲ್ಲಿ ಹೋದರೆ ಮೈಲೇಜ್ ಹೆಚ್ಚಬೇಕಲ್ಲವೇ? ಹೆಚ್ಚುತ್ತಿಲ್ಲ. ಇನ್ನೊಂದು ವಿಚಿತ್ರ, ಹೋಗುವಾಗ ಕಡಿಮೆ, ಬರುವಾಗ ಜಾಸ್ತಿ ತೋರಿಸುತ್ತೆ.
— ಶಿಕ್ಷಕರು, ಮಂಡ್ಯ

ಉತ್ತರ: ಮೇಷ್ಟ್ರೇ, ನಿಮ್ಮ ಎರಡನೇ ಮಾತು ವಿಚಿತ್ರವಲ್ಲ, ಭೂಗೋಳ. ಮಂಡ್ಯಕ್ಕಿಂತ ಮೈಸೂರು ಸುಮಾರು 80–90 ಮೀಟರ್ ಎತ್ತರದಲ್ಲಿದೆ. ರಸ್ತೆ ಸಪಾಟಾಗಿ ಕಂಡರೂ ಬೆಳಗ್ಗೆ ನೀವು ಹತ್ತುತ್ತಿದ್ದೀರಿ, ಸಂಜೆ ಇಳಿಯುತ್ತಿದ್ದೀರಿ. ಜೊತೆಗೆ ಗಾಳಿ. ಮುಂಗಾರಿನಲ್ಲಿ ಪಡುವಣ ಗಾಳಿ ನಮ್ಮ ಸೀಮೆಯಲ್ಲಿ ಹೇಗೆ ಬೀಸುತ್ತದೆ ಎಂದು ನಿಮಗೆ ಹೇಳಬೇಕಿಲ್ಲ, ಆಷಾಢದಲ್ಲಿ ತೆಂಗಿನ ಗರಿ ಒಂದೇ ಕಡೆಗೆ ಬಾಚಿದ ಹಾಗಿರುತ್ತದೆ. ಮೈಸೂರಿನ ಕಡೆಗೆ ಹೋಗುವಾಗ ಅದು ಹೆಚ್ಚುಕಡಿಮೆ ಎದುರಿಗೇ ಬರುತ್ತದೆ. ಎದುರುಗಾಳಿ 20 ಇದ್ದರೆ ಮುಳ್ಳು 80 ತೋರಿಸುವಾಗ ಕಾರು ಸೀಳುವುದು 100ರ ಗಾಳಿಯನ್ನು. ಅದಕ್ಕೇ ಹೋಗುವುದು ಬರುವುದು ಎರಡನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಬೆಂಗಳೂರಿನಿಂದ ಇಳಿದು ಬಂದು ‘ನನ್ನ ಗಾಡಿ 24 ಕೊಟ್ಟಿತು’ ಎನ್ನುವವರಿಗೂ ಇದೇ ಮಾತು.

ಮೊದಲನೆಯ ಪ್ರಶ್ನೆ ನನ್ನನ್ನೂ ಬಹಳ ಕಾಡಿತ್ತು. 2023ರ ಮಾರ್ಚಿನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ, ಮಂಡ್ಯದಲ್ಲಿದ್ದ ಅಕ್ಕನ ಚಿಕಿತ್ಸೆಗೆಂದು ನಾನು ವಾರಕ್ಕೆ ಎರಡು ಮೂರು ಸಲ ಓಡಾಡಬೇಕಾಯಿತು. ಹೇಗೂ ಓಡಾಟವಿದೆ, ಅಳೆದೇ ಬಿಡೋಣ ಎಂದುಕೊಂಡೆ. ನಾಲ್ಕು ಸಲ ಹೋಗಿ ಬಂದದ್ದು ಪೂರ್ತಿ 80ರಲ್ಲಿ, ಆಮೇಲಿನ ನಾಲ್ಕು ಸಲ 100ರಲ್ಲಿ. ಎರಡೂ ಸಲ ಇಬ್ಬರೇ ಜನ, ಏಸಿ ಒಂದೇ ಅಂಕಿಯಲ್ಲಿ, ಟೈರಿನ ಗಾಳಿ ಬೆಳಗ್ಗೆ ತಣ್ಣಗಿದ್ದಾಗ ನೋಡಿದ್ದು. ಮೊದಲ 360 ಕಿ.ಮೀ.ಗೆ 17 ಲೀಟರ್ ಹಿಡಿಯಿತು, ಎರಡನೇ 360ಕ್ಕೆ 20.2. ಅಂದರೆ 21ರ ಮೇಲಿದ್ದದ್ದು 18ರ ಕೆಳಗೆ ಬಂತು. ವೇಗ 80ರಿಂದ 100ಕ್ಕೆ ಏರಿದಾಗ ಗಾಳಿಯ ತಡೆ ಕಾಲು ಪಾಲು ಹೆಚ್ಚುವುದಿಲ್ಲ, ಒಂದೂವರೆ ಪಟ್ಟು ದಾಟುತ್ತದೆ, ಏಕೆಂದರೆ ಅದು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಿಮ್ಮ ಮಕ್ಕಳಿಗೆ ಕರಿಹಲಗೆಯ ಮೇಲೆ ಬರೆದು ತೋರಿಸಲು ಒಳ್ಳೆಯ ಉದಾಹರಣೆ.

ಇನ್ನು ಸಮಯ. 45 ಕಿ.ಮೀ. ದೂರಕ್ಕೆ ಉಳಿಯುವುದು 7 ನಿಮಿಷದೊಳಗೆ. ಅದಕ್ಕಾಗಿ ದಿನಕ್ಕೆ 800 ಮಿ.ಲೀ., ತಿಂಗಳಿಗೆ 24 ದಿನ ಓಡಾಡಿದರೆ 19 ಲೀಟರ್ ಹೆಚ್ಚು. ಆ 7 ನಿಮಿಷ ಗಣಂಗೂರಿನ ಟೋಲ್ ಸಾಲಿನಲ್ಲೇ ಕೆಲವು ದಿನ ಕರಗಿಹೋಗುತ್ತದೆ. ನಾನಂತೂ 80ಕ್ಕೆ ನಿಂತೆ. ಎಡಗಡೆಯ ಲೇನ್ ಹಿಡಿದು ಹೋದರೆ ಹಿಂದಿನವರಿಗೂ ತೊಂದರೆಯಿಲ್ಲ.

ಪ್ರಶ್ನೆ: ನಾನು ಕಬ್ಬು ಬೆಳೆಗಾರ. ನಮ್ಮ ಕಬ್ಬಿನಿಂದಲೇ ಎಥೆನಾಲ್ ಮಾಡಿ ಪೆಟ್ರೋಲಿಗೆ ಸೇರಿಸುತ್ತಾರೆ ಎಂದು ಖುಷಿಯಿತ್ತು. ಈಗ ನನ್ನ ಬೈಕೇ 55ರಿಂದ 45ಕ್ಕೆ ಬಿದ್ದಿದೆ. 2016ರ ಗಾಡಿ. ಇದೆಲ್ಲ ಇ-20 (ನೂರಕ್ಕೆ 20 ಎಥೆನಾಲ್ ಬೆರೆತ ಪೆಟ್ರೋಲ್) ಕಿತಾಪತಿ ಅಂತಾರೆ, ನಿಜವೇ?
— ಮದ್ದೂರು ತಾಲ್ಲೂಕು

ಉತ್ತರ: ಸ್ವಲ್ಪ ನಿಜ, ಪೂರ್ತಿ ಅಲ್ಲ. ಎಷ್ಟು ನಿಜ ಎಂದು ಲೆಕ್ಕ ಹಾಕಿಯೇ ಹೇಳಬಹುದು. ಒಂದು ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನದರ ಸುಮಾರು ಮೂರನೇ ಎರಡು ಪಾಲು. ನೂರು ಲೀಟರಿನಲ್ಲಿ 20 ಲೀಟರ್ ಎಥೆನಾಲ್ ಇದ್ದರೆ ಒಟ್ಟು ಶಕ್ತಿಯಲ್ಲಿ 6–7 ಪಾಲು ಖೋತಾ. ಆದರೆ ಮುಂಚೆಯೂ ನಾವು ಶುದ್ಧ ಪೆಟ್ರೋಲ್ ಹಾಕಿಸುತ್ತಿರಲಿಲ್ಲ, ನೂರಕ್ಕೆ 10 ಬೆರೆತದ್ದು ಬರುತ್ತಿತ್ತು. ಹಾಗಾಗಿ 10ರಿಂದ 20ಕ್ಕೆ ಏರಿದ್ದರಿಂದ ಆಗುವ ನಷ್ಟ ನೂರಕ್ಕೆ ಮೂರೂವರೆ ಆಸುಪಾಸು. 2021ರಲ್ಲಿ ನೀತಿ ಆಯೋಗ ಹೊರತಂದ ವರದಿಯೂ ಇ-20ಗೆಂದು ಮಾಡದ ದ್ವಿಚಕ್ರಗಳಿಗೆ ನೂರಕ್ಕೆ 3–4, ಕಾರುಗಳಿಗೆ 6–7 ಕಡಿಮೆಯಾದೀತು ಎಂದೇ ಅಂದಾಜು ಮಾಡಿತ್ತು. ಅದರಂತೆ ನಿಮ್ಮ 55 ಇಳಿದು 53 ಆಗಬೇಕು. 45 ಆಗಿದ್ದರೆ ಉಳಿದ ಎಂಟು ಕಿ.ಮೀ.ಗೆ ಬೇರೆ ಕಾರಣವಿದೆ. ಎಥೆನಾಲ್ ಮೇಲೆ ಹಾಕಿ ಸುಮ್ಮನಾದರೆ ಆ ಕಾರಣ ಒಳಗೇ ಬೆಳೆಯುತ್ತದೆ.

ಏರ್ ಫಿಲ್ಟರ್ ತೆಗೆಸಿ ನೋಡಿ. ಕಬ್ಬಿನ ಗದ್ದೆಯ ಗಾಡಿ ದಾರಿಯಲ್ಲಿ ಓಡಾಡುವ ಬೈಕಿನ ಫಿಲ್ಟರ್ ಪಟ್ಟಣದ್ದಕ್ಕಿಂತ ಬೇಗ ಕಟ್ಟುತ್ತದೆ. ಚೈನ್ ಒಣಗಿದೆಯೇ, ಕ್ಲಚ್ ಜಾರುತ್ತಿದೆಯೇ ನೋಡಿಸಿ. ಪೆಟ್ರೋಲ್ ಬರುವ ರಬ್ಬರ್ ಪೈಪನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ಹಳೆಯ ರಬ್ಬರಿಗೆ ಎಥೆನಾಲ್ ಒಗ್ಗುವುದಿಲ್ಲ, ಬಿರುಕು ಬಿಟ್ಟು ಜಿನುಗುತ್ತದೆ. 2023ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಇ-20 ತಡೆಯುವ ಸಾಮಗ್ರಿ ಹಾಕುತ್ತಾರೆ, ನಿಮ್ಮದು ಅದಕ್ಕೂ ಹಿಂದಿನದು. ನಿಂತ ಜಾಗದ ಕೆಳಗೆ ಬೆಳಗ್ಗೆ ವಾಸನೆ ಬಂದರೆ ತಡಮಾಡದೆ ಪೈಪ್ ಬದಲಿಸಿ, ಅದು ಮೈಲೇಜ್ ಮಾತಲ್ಲ, ಬೆಂಕಿಯ ಮಾತು. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದಿದ್ದರೂ ಎಚ್ಚರ, ಎಥೆನಾಲ್ ಗಾಳಿಯಲ್ಲಿನ ನೀರಿನಂಶ ಎಳೆದುಕೊಳ್ಳುತ್ತದೆ.

ಬೆಳೆಗಾರರಾಗಿ ನಿಮ್ಮ ಖುಷಿ ತಪ್ಪಲ್ಲ. ನಾನೂ 1933ರಲ್ಲಿ ಶುರುವಾದ ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆಯಲ್ಲೇ ಬೆಳೆದವನು. ಒಂದು ಟನ್ ಕಬ್ಬಿನ ಹಾಲಿನಿಂದ ನೇರವಾಗಿ ಸುಮಾರು 70 ಲೀಟರ್ ಎಥೆನಾಲ್ ಬರುತ್ತದೆ, ಅದರಿಂದ ಒಂದಿಷ್ಟು ಕಚ್ಚಾ ತೈಲ ಹೊರಗಿನಿಂದ ತರುವುದು ತಪ್ಪುತ್ತದೆ. ಆದರೆ ಲೀಟರಿನಲ್ಲಿ ಶಕ್ತಿ ಕಡಿಮೆಯಾದ ಮೇಲೆ ದರದಲ್ಲೂ ಅಷ್ಟು ಕಡಿಮೆ ಮಾಡುವುದು ನ್ಯಾಯ ಎಂದು ನನ್ನ ಅಭಿಪ್ರಾಯ. ಇದನ್ನು ಬೆಳೆಗಾರರೂ ಕೇಳಬೇಕು, ಬಂಕಿಗೆ ಹೋಗುವವರು ನೀವೂ ತಾನೇ.

ಪ್ರಶ್ನೆ: ಮಗನನ್ನು ಸ್ಕೂಲಿಗೆ ಬಿಟ್ಟು ಆಫೀಸಿಗೆ ಹೋಗ್ತೀನಿ. ಎಲ್ಲ ಸೇರಿ ದಿನಕ್ಕೆ 7 ಕಿ.ಮೀ. ಮೂರು ವರ್ಷದ ಸ್ಕೂಟರ್ 36 ಕೊಡುತ್ತೆ. ಎದುರು ಮನೆಯವರದ್ದು ಅದೇ ಗಾಡಿ, 48 ಅಂತೆ. ಬಂಕಿನಲ್ಲಿ ಕಡಿಮೆ ಹಾಕ್ತಾರೇನೋ ಅಂತ ಅನುಮಾನ.
— ಚಾಮುಂಡಿಪುರಂ, ಮೈಸೂರು

ಉತ್ತರ: ತಾಯಿ, ಎದುರು ಮನೆಯವರು ದಿನಾ ಎಷ್ಟು ದೂರ ಹೋಗುತ್ತಾರೆ ಎಂದು ಮೊದಲು ಕೇಳಿ. ಹೂಟಗಳ್ಳಿ ಕಡೆಗೆ ರಿಂಗ್ ರಸ್ತೆಯಲ್ಲಿ 15 ಕಿ.ಮೀ. ಒಂದೇ ಸಮ ಹೋಗುವವರಾದರೆ ಎರಡು ಗಾಡಿಗಳಿಗೆ ಹೋಲಿಕೆಯೇ ಇಲ್ಲ. ತಣ್ಣಗಿರುವ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚು ಬೇಕು. ನಿಮ್ಮದು ಬಿಸಿಯಾಗುವಷ್ಟರಲ್ಲಿ ಸ್ಕೂಲು ಬಂದಿರುತ್ತದೆ. ನಿಮ್ಮ ಗಾಡಿಯನ್ನು ನಿಮ್ಮದೇ ಗಾಡಿಯ ಹಿಂದಿನ ವರ್ಷದ ಲೆಕ್ಕದ ಜೊತೆ ಹೋಲಿಸಬೇಕು.

ಆದರೂ 36 ನನಗೆ ಸ್ವಲ್ಪ ಕಡಿಮೆಯೇ ಅನಿಸುತ್ತದೆ. ಆಫೀಸಿನಿಂದ ಬಂದ ತಕ್ಷಣ ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ಸುತ್ತು ಹೊಡೆಯಬೇಕು. ಸರ್ ಸರ್ ಎಂದು ಉಜ್ಜಿ ಅರ್ಧಕ್ಕೇ ನಿಂತರೆ ಬ್ರೇಕ್ ಹಿಡಿದುಕೊಂಡಿದೆ. ಚಕ್ರದ ನಡುವಿನ ಡ್ರಮ್ ಹತ್ತಿರ ಕೈಯ ಹಿಂಬದಿ ತಂದರೆ ಬಿಸಿ ತಿಳಿಯುತ್ತದೆ, ಮುಟ್ಟಬೇಡಿ. ನನ್ನ ಸೊಸೆಯ ಸ್ಕೂಟರಿನಲ್ಲಿ ಇದೇ ಆಗಿತ್ತು. ಎಡಗೈಯ ಎರಡು ಬೆರಳು ಸದಾ ಬ್ರೇಕ್ ಲಿವರ್ ಮೇಲೆ ಇಟ್ಟು ಓಡಿಸುವ ಅಭ್ಯಾಸ ಅವಳಿಗೆ, ಜೊತೆಗೆ ಕೇಬಲ್ ಬಿಗಿಯಾಗಿತ್ತು. ಕೇಬಲ್ ನಾಲ್ಕು ಸುತ್ತು ಸಡಿಲಿಸಿದ ಮೇಲೆ 39 ಇದ್ದದ್ದು 44ಕ್ಕೆ ಬಂತು. ಟೈರಿಗೆ 15 ದಿನಕ್ಕೊಮ್ಮೆ ಗಾಳಿ ನೋಡಿಸಿ, ಎಷ್ಟಿರಬೇಕು ಎಂದು ಗಾಡಿಯ ಪುಸ್ತಕದಲ್ಲೇ ಇದೆ. ಪೆಟ್ರೋಲ್ ತುಂಬಿಸುವಾಗಲೂ ಪ್ರತಿ ಸಲ ಡಬಲ್ ಸ್ಟ್ಯಾಂಡ್ ಹಾಕಿಯೇ ತುಂಬಿಸಿ. ಸೈಡ್ ಸ್ಟ್ಯಾಂಡಿನಲ್ಲಿ ಟ್ಯಾಂಕ್ ವಾಲಿ ಮಟ್ಟ ತಪ್ಪುತ್ತದೆ.

ಬಂಕಿನ ಮೇಲೆ ಅನುಮಾನವಿದ್ದರೆ ಮನಸ್ಸಿನಲ್ಲಿಟ್ಟುಕೊಂಡು ಕೊರಗಬೇಡಿ, ಕೇಳಿ. ಪ್ರತಿ ಬಂಕಿನಲ್ಲೂ ಸರ್ಕಾರದ ಮುದ್ರೆಯಿರುವ 5 ಲೀಟರಿನ ಅಳತೆ ಪಾತ್ರೆ ಇರಬೇಕು, ಗ್ರಾಹಕರು ಕೇಳಿದರೆ ಅದಕ್ಕೆ ತುಂಬಿಸಿ ತೋರಿಸಬೇಕು. 5 ಲೀಟರಿಗೆ 25 ಮಿ.ಲೀ. ಆಚೀಚೆ ಇರಲು ಅವಕಾಶವಿದೆ, ಅದಕ್ಕಿಂತ ಕಡಿಮೆ ಬಂದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು. ಹೆಣ್ಣುಮಗಳು ಒಬ್ಬಳೇ ಹೋಗಿ ಕೇಳಿದರೆ ಹುಡುಗರು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ನಿಮಗೆ ಅನಿಸಬಹುದು. ಮ್ಯಾನೇಜರನ್ನೇ ಕರೆಸಿ, ಅದು ನಿಮ್ಮ ಹಕ್ಕು. ಅದಕ್ಕೂ ಮುಂಚೆ ಪುಸ್ತಕದಲ್ಲಿ ಬಂಕಿನ ಹೆಸರು ಬರೆಯಲು ಒಂದು ಕಾಲಂ ಹಾಕಿ, ಮೂರು ತಿಂಗಳು ಒಂದು ಬಂಕು, ಮೂರು ತಿಂಗಳು ಇನ್ನೊಂದು. ವ್ಯತ್ಯಾಸವಿದ್ದರೆ ತಾನೇ ಕಾಣುತ್ತದೆ.

ಪ್ರಶ್ನೆ: ಚಾಮುಂಡಿ ಬೆಟ್ಟದಿಂದ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿ ಬಿಟ್ಟರೆ ಹತ್ತುವಾಗ ಖರ್ಚಾದ ಪೆಟ್ರೋಲ್ ಉಳಿಸಬಹುದೇ?
— ನಜರ್‌ಬಾದ್, ಮೈಸೂರು

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಈಗಿನ ಕಾರುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ತಾನೇ ಓಡಬೇಕು, ಅದಕ್ಕೆ ಪೆಟ್ರೋಲ್ ಬೇಕು. ಅಂದರೆ ನ್ಯೂಟ್ರಲ್ಲಿನಲ್ಲೇ ಖರ್ಚು ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ಅಷ್ಟು ಇಳಿಜಾರಿನಲ್ಲಿ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು, ಕಾದು, ಹಿಡಿಯದೇ ಹೋಗಬಹುದು. ಸೆಕೆಂಡ್ ಗೇರಿನಲ್ಲಿ ಇಳಿಯಿರಿ. ಹತ್ತುವಾಗಿನ ಖರ್ಚಿನ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕು ಜನ ಕೂತ ಸಣ್ಣ ಕಾರನ್ನು ಊರಿನಿಂದ ಸುಮಾರು 300 ಮೀಟರ್ ಮೇಲೇರಿಸಲು ಹೆಚ್ಚುವರಿ ಬೇಕಾಗುವುದು 400 ಮಿ.ಲೀ. ಆಸುಪಾಸು ಅಷ್ಟೇ.

ಪ್ರಶ್ನೆ: ಒಂದು ಟ್ಯಾಂಕಿಗೆ 20 ಬಂತು, ಮುಂದಿನದಕ್ಕೆ 15. ಸರಾಸರಿ 17.5 ಅಂದರೆ ಅಪ್ಪ ತಪ್ಪು ಅಂತಾರೆ. ಯಾರು ಸರಿ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಉತ್ತರ: ಅಪ್ಪ ಸರಿ ಮರಿ. 300 ಕಿ.ಮೀ. 20ರಂತೆ ಓಡಿದರೆ 15 ಲೀಟರ್, ಇನ್ನೊಂದು 300 ಕಿ.ಮೀ. 15ರಂತೆ ಓಡಿದರೆ 20 ಲೀಟರ್. ಒಟ್ಟು 600 ಕಿ.ಮೀ.ಗೆ 35 ಲೀಟರ್, ಭಾಗಿಸಿದರೆ 17.1. ಮೈಲೇಜುಗಳನ್ನು ಕೂಡಬಾರದು. ಕಿಲೋಮೀಟರನ್ನು ಕಿಲೋಮೀಟರಿಗೆ, ಲೀಟರನ್ನು ಲೀಟರಿಗೆ ಕೂಡಿ ಆಮೇಲೆ ಭಾಗಿಸು. ಹೊಸದಾಗಿ ಬಂದ ಗುಮಾಸ್ತರೆಲ್ಲ ನನ್ನ ಮೇಜಿನಲ್ಲಿ ಇದೇ ತಪ್ಪು ಮಾಡುತ್ತಿದ್ದರು.

ಪ್ರಶ್ನೆ: ಟ್ರಾಕ್ಟರ್ ಬಾಡಿಗೆಗೆ ಬಿಟ್ಟಿದ್ದೇನೆ. ಗಂಟೆಗೆ ನಾಲ್ಕೂವರೆ ಲೀಟರ್ ಆಗುತ್ತೆ ಅಂತ ಡ್ರೈವರ್ ಮೊದಲು ಹೇಳಿದ್ದ. ಈ ನಾಟಿ ಸಮಯದಲ್ಲಿ ಲೆಕ್ಕ ಹಾಕಿದರೆ 6 ಬರುತ್ತಿದೆ. ಎಂಟು ವರ್ಷದಿಂದ ಇರುವ ಹುಡುಗ. ಡೀಸೆಲ್ ಕದಿಯುತ್ತಿದ್ದಾನೆ ಅಂತ ಊರಲ್ಲಿ ಹೇಳ್ತಾರೆ. ಬಿಡಿಸಿಬಿಡಲೇ?
— ಪಾಂಡವಪುರ ತಾಲ್ಲೂಕು

ಉತ್ತರ: ಬಿಡಿಸಬೇಡಿ. ಈ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ, ಯಾಕೆ ಎಂದು ಹೇಳುತ್ತೇನೆ.

ತೊಂಬತ್ತರ ದಶಕದ ಮಾತು. ನಮ್ಮ ಕಚೇರಿಯ ಒಂದು ಜೀಪು ಲೀಟರಿಗೆ 11 ಕೊಡುತ್ತಿದ್ದದ್ದು ಮೂರು ತಿಂಗಳಲ್ಲಿ 9ಕ್ಕೆ ಇಳಿಯಿತು. ಮೇಲಿನವರು ಕೇಳಿದರು, ನಾನು ಟಿಪ್ಪಣಿ ಬರೆದೆ. ವ್ಯತ್ಯಾಸದ ಡೀಸೆಲ್ ಹಣವನ್ನು ಡ್ರೈವರ್ ಸಂಬಳದಲ್ಲಿ ವಸೂಲಿ ಮಾಡಬಹುದು ಎಂದು ಬರೆದದ್ದು ನನ್ನ ಕೈಯೇ. ಆತ ನನ್ನ ಮೇಜಿನ ಮುಂದೆ ಬಂದು ನಿಂತ. ವಾದ ಮಾಡಲಿಲ್ಲ. ‘ಸಾರ್, ಮಳವಳ್ಳಿಗೆ ಹೋಗಿ ಬಂದದ್ದು ಎಷ್ಟು ಕಿಲೋಮೀಟರ್ ಬಿದ್ದಿದೆ, ಒಂದು ಸಲ ಹಿಂದಿನ ಪುಟ ನೋಡಿ’ ಅಂದ. ತಿರುವಿ ನೋಡಿದೆ. ಹೋದ ವರ್ಷ ಬಿದ್ದಿದ್ದಕ್ಕಿಂತ ಈ ಸಲ ಹದಿಮೂರು ಹದಿನಾಲ್ಕು ಕಿ.ಮೀ. ಕಡಿಮೆ. ಊರು ಹತ್ತಿರ ಬಂದಿರಲಿಲ್ಲ. ಮೀಟರಿನ ಕೇಬಲ್ ಸವೆದು, ನಡುನಡುವೆ ಜಾರಿ, ಓಡಿದ ದೂರ ಪೂರ್ತಿ ಬೀಳುತ್ತಿರಲಿಲ್ಲ. ಡೀಸೆಲ್ ಒಂದು ಹನಿಯೂ ಹೆಚ್ಚು ಖರ್ಚಾಗಿರಲಿಲ್ಲ. ಭಾಗಾಕಾರದಲ್ಲಿ ಎರಡು ಅಂಕಿ ಇವೆ, ನಾನು ಒಂದನ್ನೇ ಅನುಮಾನಿಸಿದ್ದೆ. ಟಿಪ್ಪಣಿ ವಾಪಸ್ ತೆಗೆದುಕೊಂಡೆ, ಆತನ ಕ್ಷಮೆಯನ್ನೂ ಕೇಳಿದೆ. ಆ ಪುಟವನ್ನು ಇಂದಿಗೂ ಮರೆತಿಲ್ಲ.

ನಿಮ್ಮ ಟ್ರಾಕ್ಟರಿಗೆ ಬರೋಣ. ಮೊದಲು ಗಂಟೆ ಮೀಟರ್. ಹಳೆಯ ಮಾದರಿಯ ಟ್ರಾಕ್ಟರಾದರೆ ಅದರ ಮೀಟರ್ ಗಡಿಯಾರವಲ್ಲ, ಎಂಜಿನ್ ಸುತ್ತಿಗೆ ತಕ್ಕಂತೆ ಓಡುತ್ತದೆ. ಎಂಜಿನ್ ನಿಗದಿತ ವೇಗದಲ್ಲಿ ತಿರುಗಿದಾಗ ಮಾತ್ರ ಮೀಟರಿನ ಒಂದು ಗಂಟೆ ನಿಜವಾದ ಒಂದು ಗಂಟೆ. ನಿಧಾನಕ್ಕೆ ಓಡಿಸಿದರೆ ಮೀಟರ್ ಹಿಂದೆ ಬೀಳುತ್ತದೆ. ಡ್ರೈವರ್ ಕೈಗಡಿಯಾರ ನೋಡಿ ಹೇಳಿದ್ದು, ನೀವು ಮೀಟರ್ ನೋಡಿ ಹಾಕಿದ್ದು, ಇಬ್ಬರ ಗಂಟೆಯೂ ಬೇರೆ ಇರಬಹುದು.

ಎರಡನೆಯದು ಕೆಲಸ. ಟ್ರೈಲರಿನಲ್ಲಿ ಕಬ್ಬು ಸಾಗಿಸುವ ಗಂಟೆಗೂ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ನೀರು ಬಿಟ್ಟ ಮೇಲೆ ಗದ್ದೆಯಲ್ಲಿ ಕೆಸರು ಮಾಡುವ ಗಂಟೆಗೂ ಅಜಗಜಾಂತರ. ಕೆಸರಿನಲ್ಲಿ ಚಕ್ರ ಜಾರುತ್ತದೆ, ಮಣ್ಣು ಕಲಸುವ ರೋಟವೇಟರ್ ಎಂಜಿನ್ನಿನ ಪೂರ್ತಿ ಬಲ ಕೇಳುತ್ತದೆ. ನಾಲ್ಕೂವರೆ ಎಂದು ಅವನು ಹೇಳಿದ್ದು ಬೇಸಿಗೆಯ ಒಣ ಉಳುಮೆಗೆ ಇದ್ದಿರಬಹುದು. ನಾಟಿ ಕಾಲಕ್ಕೆ 6 ಆಗುವುದು ಅಸಾಧ್ಯವೇನಲ್ಲ.

ಹೀಗೆ ಮಾಡಿ. ಒಂದು ಬೆಳಗ್ಗೆ ಡ್ರೈವರ್ ಜೊತೆ ನೀವೂ ಗದ್ದೆಗೆ ಹೋಗಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಟ್ಯಾಂಕಿನ ಕತ್ತಿನವರೆಗೆ ಡೀಸೆಲ್ ತುಂಬಿಸಿ. ಎರಡು ಎಕರೆ ಕೆಸರು ಮಾಡಿಸಿ, ಅದೇ ಜಾಗಕ್ಕೆ ವಾಪಸ್ ತಂದು, ಲೀಟರ್ ಗುರುತಿರುವ ಕ್ಯಾನಿನಿಂದ ಮತ್ತೆ ಅದೇ ಕತ್ತಿಗೆ ತುಂಬಿಸಿ. ಎಷ್ಟು ಹಿಡಿಯಿತೋ ಅದು ಎರಡು ಎಕರೆಯ ಖರ್ಚು. ಗಂಟೆಗಿಂತ ಎಕರೆ ಲೆಕ್ಕ ರೈತನಿಗೆ ಹೆಚ್ಚು ನಿಜ, ಏಕೆಂದರೆ ಗದ್ದೆ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಉಳುಮೆ, ಕೆಸರು, ಸಾಗಣೆ ಮೂರಕ್ಕೂ ಬೇರೆ ಬೇರೆ ಪುಟ ಮಾಡಿ. ಪುಸ್ತಕ ಅವನ ಕೈಯಲ್ಲೇ ಇರಲಿ, ಅವನೇ ಬರೆಯಲಿ, ವಾರಕ್ಕೊಮ್ಮೆ ಇಬ್ಬರೂ ಕೂತು ನೋಡಿ. ಅಳೆಯುವುದು ಅವನನ್ನು ಹಿಡಿಯುವುದಕ್ಕಲ್ಲ ಎಂದು ಮೊದಲೇ ಅವನಿಗೆ ಬಾಯಿಬಿಟ್ಟು ಹೇಳಿ. ಎಂಟು ವರ್ಷ ನಿಮ್ಮಲ್ಲಿ ದುಡಿದ ಹುಡುಗನಿಗೆ ಅಷ್ಟು ಸಲ್ಲಬೇಕು. ಅಳತೆ ಏನು ಬಂತೆಂದು ನನಗೆ ಒಂದು ಕಾರ್ಡು ಬರೆಯಿರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ಬರೆಯಲು ಪುಸ್ತಕವೇ ಬೇಕೇ? ಮೊಬೈಲ್ ಆ್ಯಪ್ ಸಾಲದೇ? ಬಂಕಿನ ರಸೀದಿ ಎಲ್ಲ ಇಟ್ಟುಕೊಂಡಿದ್ದೇನೆ.
— ಶ್ರೀರಂಗಪಟ್ಟಣ

ಉತ್ತರ: ಆ್ಯಪ್ ಧಾರಾಳವಾಗಿ ಸಾಕು, ನಿಮಗೆ ಒಗ್ಗಿದ್ದರಲ್ಲಿ ಬರೆಯಿರಿ. ಟ್ರಿಪ್ ಮೀಟರ್ ಬೇಡ, ಒಟ್ಟು ಕಿ.ಮೀ. ಬರೆಯಿರಿ. ಟ್ರಿಪ್ ಸೊನ್ನೆ ಮಾಡಲು ಒಂದು ಸಲ ಮರೆತರೆ ಸರಪಳಿ ತುಂಡಾಗುತ್ತದೆ, ಒಟ್ಟು ಕಿ.ಮೀ. ಬರೆಯಲು ಒಂದು ಸಲ ಮರೆತರೂ ಮುಂದಿನ ಸಲ ಕೂಡಿಕೊಳ್ಳುತ್ತದೆ. ರಸೀದಿ ಮಾತ್ರ ನಂಬಬೇಡಿ. ಅದು ಶಾಖಕ್ಕೆ ಕಪ್ಪಾಗುವ ಕಾಗದ. ಡ್ಯಾಶ್‌ಬೋರ್ಡಿನ ಬಿಸಿಲಿಗೆ ಎರಡು ತಿಂಗಳಲ್ಲಿ ಅಕ್ಷರ ಮಾಸುತ್ತದೆ. ಇಟ್ಟಿರುವುದನ್ನೆಲ್ಲ ಈ ಭಾನುವಾರವೇ ಕೂತು ಇಳಿಸಿಕೊಳ್ಳಿ. ಪುಸ್ತಕವೇ ಇಡುವುದಾದರೆ ಪೆನ್ನಿಗೆ ದಾರ ಕಟ್ಟಿ ಅದಕ್ಕೇ ಸಿಕ್ಕಿಸಿಡಿ, ಬಂಕಿನಲ್ಲಿ ಹಿಂದಿನ ಗಾಡಿ ಹಾರನ್ ಹೊಡೆಯುವಾಗ ಪೆನ್ನು ಹುಡುಕುತ್ತಾ ಕೂರುವುದು ತಪ್ಪುತ್ತದೆ.